ಚಿಕ್ಕತಾಯಮ್ಮನ ಮೇಲೆ ಚಿಕ್ಕತಾಯಮ್ಮ

ಮೆಣಸಿನಕಾಯಿ ಬಜ್ಜಿ ತಿಂದ ಕೈಯಲ್ಲೇ ಮಧುಕುಮಾರ್ ಕೀಬೋರ್ಡ್ ಮುಟ್ಟುತ್ತಿದ್ದ. ಅದನ್ನು ನೋಡಿದಾಗಲೆಲ್ಲ ಲೋಕೇಶ್ವರಿಗೆ ಹೇಸಿಗೆಯಾಗುತ್ತಿತ್ತು. ಅವನು ಎದ್ದು ಹೋದ ಮೇಲೆ ಹಳೇ ಬಟ್ಟೆಯ ತುಂಡೊಂದನ್ನು ಒದ್ದೆ ಮಾಡಿಕೊಂಡು ಒಂದೊಂದೇ ಗುಂಡಿಯನ್ನು ಒರೆಸುವುದು ಅವಳ ನಿತ್ಯದ ಕೆಲಸವಾಗಿಬಿಟ್ಟಿತ್ತು. ಎಣ್ಣೆ ಹೋಗುತ್ತಿತ್ತು, ವಾಸನೆ ಹೋಗುತ್ತಿರಲಿಲ್ಲ. ಹೇಳಿಯೂ ನೋಡಿದ್ದಳು. “ಅಯ್ಯೋ, ಮಡಿ ಮೇಡಂ ಬಂದ್ರಪ್ಪ” ಎಂದು ನಕ್ಕು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಮತ್ತೆ ಅದೇ ಕೈಯನ್ನು ಕೀಬೋರ್ಡಿನ ಮೇಲಿಟ್ಟಿದ್ದ.

ಅವರು ಆಫೀಸು ಎಂದು ಕರೆಯುತ್ತಿದ್ದ ಕಟ್ಟಡವೂ ಅವನಿಗೆ ತಕ್ಕ ಹಾಗೇ ಇತ್ತು. ತಮಿಳುನಾಡಿಗೆ ಸೇರಿದ ತಾಳವಾಡಿ ಪೇಟೆಯ ಹಿಂಬದಿಯಲ್ಲಿ ಯಾರೋ ರೇಷ್ಮೆಹುಳು ಸಾಕಲು ಕಟ್ಟಿಸಿ, ಹುಳುವಿಗೆ ರೋಗ ಬಂದು ಕೈಬಿಟ್ಟಿದ್ದ ಉದ್ದನೆಯ ಕೋಣೆ ಅದು. ಸುಣ್ಣ ಬಳಿದಿದ್ದರು. ಆದರೂ ನಾಲ್ಕು ಹನಿ ಮಳೆ ಬಿದ್ದರೆ ಸಾಕು, ಗೋಡೆಯೊಳಗಿಂದ ಸತ್ತ ಹುಳುವಿನ ನಾತ ಎದ್ದು ಬರುತ್ತಿತ್ತು. ಬಾಗಿಲ ಮೇಲೆ ತಮಿಳಿನಲ್ಲೂ ಕನ್ನಡದಲ್ಲೂ ‘ಬೆಟ್ಟದ ದನಿ’ ಎಂಬ ಬೋರ್ಡಿತ್ತು. ಬೆಟ್ಟದ ಊರುಗಳ ಹಳಬರ ಹಾಡು, ಕತೆಗಳನ್ನು ರೆಕಾರ್ಡ್ ಮಾಡಿ ಸೀಡಿ ತರುವುದು ಆ ಸಂಸ್ಥೆಯ ಕೆಲಸ. ಮೈಸೂರಿನಿಂದ ಬಂದ ಮಧುಕುಮಾರ್ ಅದರ ಮುಖ್ಯಸ್ಥ. ಊರೂರು ಸುತ್ತಿ ರೆಕಾರ್ಡ್ ಮಾಡಿಕೊಂಡು ಬರುವವರು ಲೋಕೇಶ್ವರಿ ಮತ್ತು ಮೋಹನ್. ಅದು ಎರಡು ಸಾವಿರದ ಏಳನೇ ಇಸವಿ. ಬಿ.ಎ. ಮುಗಿಸಿ ಮನೆಯಲ್ಲಿ ಕೂತಿದ್ದ ಲೋಕೇಶ್ವರಿ, ಊರಿನ ದೊಡ್ಡಮನೆಯ ಹುಡುಗಿ ಕೆಲಸಕ್ಕೆ ಹೋಗುವುದೇ ಎಂದು ಅಜ್ಜಿ ಗೊಣಗಿದರೂ ಕೇಳದೆ ಸೇರಿಕೊಂಡಿದ್ದಳು.

ಅಲ್ಲಿದ್ದದ್ದರಲ್ಲಿ ಅವಳಿಗೆ ಹೇಸಿಗೆ ಹುಟ್ಟಿಸದ ವಸ್ತುವೆಂದರೆ ಆ ಕಂಪ್ಯೂಟರೊಂದೇ. ಕೊಯಮತ್ತೂರಿನ ಯಾರೋ ಬೇಡವೆಂದು ಕೊಟ್ಟ ಹಳೇ ಯಂತ್ರ. ವಿಂಡೋಸ್‌ಗೆ ದುಡ್ಡಿಲ್ಲವೆಂದು ಲಿನಕ್ಸ್ ಹಾಕಿಸಿದ್ದರು. ಚಿತ್ರಗಳ ಪರದೆ ಏನು ಮಾಡಿದರೂ ಏಳಲಿಲ್ಲ. ಕಪ್ಪು ಪರದೆ, ಬಿಳಿ ಅಕ್ಷರ, ಮಿಟುಕುವ ಒಂದು ಗೆರೆ, ಅಷ್ಟೇ. ಹಾಕಿಕೊಡಲು ಬಂದಾತ ಎದುರಿಗೆ ಕೂರಿಸಿಕೊಂಡು ಹೇಳಿಕೊಟ್ಟಿದ್ದ. ‘ಸಿಪಿ’ ಎಂದು ಬರೆದರೆ ಫೈಲು ಇದ್ದಲ್ಲೇ ಇರುತ್ತದೆ, ಇನ್ನೊಂದು ಕಡೆ ಅದರ ನಕಲು ಕೂರುತ್ತದೆ. ‘ಎಂವಿ’ ಎಂದು ಬರೆದರೆ ಇದ್ದಲ್ಲಿಂದ ಎದ್ದು ಇನ್ನೊಂದು ಕಡೆ ಹೋಗಿಬಿಡುತ್ತದೆ. ಎಲ್ಲ ಮುಗಿಸಿ ಚೀಲ ಹೆಗಲಿಗೇರಿಸುವಾಗ ಒಂದು ಮಾತು ಹೇಳಿದ್ದ.

“ಹೋಗೋ ಜಾಗದಲ್ಲಿ ಅದೇ ಹೆಸರಿನ ಫೈಲ್ ಇದ್ರೆ ಹಳೇದು ಅಳಿದುಹೋಗುತ್ತೆ. ಆಮೇಲೆ ಹುಡುಕಿದ್ರೂ ಸಿಗಲ್ಲ. ಅದಕ್ಕೇ ಅಳಿಸೋ ಮುಂಚೆ ಕೇಳೋ ಹಾಗೆ ಇಟ್ಟಿದ್ದೀನಿ. ಕೇಳಿದಾಗ ಓದಿ, ಆಮೇಲೆ ಉತ್ತರ ಕೊಡಿ.”

ಲೋಕೇಶ್ವರಿಗೆ ಯಂತ್ರದ ಮೇಲೆ ಅಭಿಮಾನ ಹುಟ್ಟಿದ್ದೇ ಆ ಮಾತಿನಿಂದ. ಅಳಿಸುವ ಮುಂಚೆ ಅಳಿಸಲೇ ಎಂದು ಕೇಳುವಷ್ಟು ಮರ್ಯಾದೆ ಅವಳು ಕಂಡ ಎಷ್ಟೋ ಮನುಷ್ಯರಿಗೆ ಇರಲಿಲ್ಲ.

ಫೈಲಿಗೆ ಹೆಸರಿಡುವ ವಿಷಯದಲ್ಲಿ ಮೊದಲ ದಿನವೇ ತಕರಾರಾಗಿತ್ತು. ಹಾಡಿದವರ ಹೆಸರು ಮಾತ್ರ ಇರಲಿ, ಊರು ಕೇರಿ ಎಲ್ಲ ಬೇಡ, ಚಿಕ್ಕದಾಗಿ ಚೊಕ್ಕವಾಗಿರಲಿ ಎಂದು ಮಧುಕುಮಾರ್ ಕಟ್ಟುನಿಟ್ಟು ಮಾಡಿದ್ದ.

“ಸಾರ್, ನಮ್ಮ ಕಡೆ ಹಂಗೆ ಆಗಲ್ಲ,” ಎಂದಿದ್ದಳು ಲೋಕೇಶ್ವರಿ. “ನಮ್ಮೂರ ಗಡೀಲಿ ಚಿಕ್ಕತಾಯಿ ಗುಡಿ ಇದೆ. ಮನೆಗೊಬ್ಬಳು ಹೆಣ್ಣುಮಗಳಿಗೆ ಆ ತಾಯಿ ಹೆಸರೇ ಇಡೋದು. ದೊಡ್ಡಮನೇಲೂ ಚಿಕ್ಕತಾಯಮ್ಮ, ಕೇರೀಲೂ ಚಿಕ್ಕತಾಯಮ್ಮ. ಗಂಡಸ್ರಲ್ಲಿ ಕಲ್ಲೆಸೆದ ಕಡೆಯೆಲ್ಲ ರಾಚ, ಮಾದ. ಎಲ್ಲಾ ಒಂದಾಗೋಗುತ್ತೆ.”

“ಹೇಗೆ ಒಂದಾಗುತ್ತೆ? ನಿಮ್ಮ ಫೋಲ್ಡರ್ ಬೇರೆ, ಮೋಹನ್ ಫೋಲ್ಡರ್ ಬೇರೆ. ಬೇರೆ ಬೇರೆ ಮನೇಲಿ ಒಂದೇ ಹೆಸರಿನವರಿದ್ರೆ ಜಗಳ ಆಗುತ್ತಾ?” ಎಂದು ಅವನು ಬಾಯಿ ಮುಚ್ಚಿಸಿದ್ದ. ಮಾತು ಸರಿಯಾಗಿಯೇ ಇತ್ತು. ಫೋಲ್ಡರುಗಳು ಬೇರೆ ಇರುವ ತನಕ ಯಾವ ಅಪಾಯವೂ ಇರಲಿಲ್ಲ.

ಲೋಕೇಶ್ವರಿಯ ಫೋಲ್ಡರಿನಲ್ಲಿದ್ದ ಚಿಕ್ಕತಾಯಮ್ಮ ಕೇರಿಯವಳು. ಕೂಲಿಯ ಹೆಂಗಸು. ಕೇರಿಯಲ್ಲೇ ಹುಟ್ಟಿ, ಅಲ್ಲೇ ಸೋದರಮಾವನ ಮಗನನ್ನು ಕಟ್ಟಿಕೊಂಡು, ಕಳೆ ಕೀಳುವುದರಿಂದ ರಾಗಿ ಕುಯ್ಲಿನವರೆಗೆ ದೊಡ್ಡಮನೆಯ ಹೊಲದಲ್ಲೇ ಬೆನ್ನು ಬಗ್ಗಿಸಿದವಳು. ದೊಡ್ಡಮನೆಯ ಹಿತ್ತಿಲಿನ ಬಾವಿಯನ್ನು ತೋಡಿದ್ದು ಅವಳಪ್ಪ ರಾಚ. ಬಂಡೆಗೆ ಮದ್ದಿಟ್ಟಾಗ ಚೂರು ಸಿಡಿದು ಅವನ ಎಡಗಣ್ಣು ಹೋಗಿತ್ತು. ಅಷ್ಟಾದರೂ ಅವನ ಕೇರಿಯವರು ಆ ಬಾವಿಗೆ ಹಗ್ಗ ಬಿಡುವ ಹಾಗಿರಲಿಲ್ಲ. ವರ್ಷವಿಡೀ ಇಲ್ಲ. ಕೇರಿಯಲ್ಲಿ ಮದುವೆಯಾದ ದಿನ ಮಾತ್ರ ರಾಚನ ಮನೆಯ ಹೆಂಗಸರು ಹೊಸ ಬಿಂದಿಗೆ ಹಿಡಿದು ಹಾಡುತ್ತ ಬಂದು, ಗಂಗೆಪೂಜೆ ಮಾಡಿ, ತಮ್ಮ ಕೈಯಾರೆ ಒಂದು ಬಿಂದಿಗೆ ನೀರು ಸೇದಿಕೊಂಡು ಹೋಗಬಹುದಿತ್ತು. ಕಣ್ಣು ಕೊಟ್ಟದ್ದಕ್ಕೆ ಸಿಕ್ಕ ಹಕ್ಕು ಅಷ್ಟು. ಅವರು ಹೋದ ಮೇಲೆ ಅಜ್ಜಿ ಬಾವಿಕಟ್ಟೆಗೆ ಸಗಣಿ ನೀರು ಹಾಕಿಸುತ್ತಿದ್ದಳು. ಚಿಕ್ಕವಳಿದ್ದಾಗ ಲೋಕೇಶ್ವರಿ ಅದೂ ಪೂಜೆಯ ಒಂದು ಭಾಗವೆಂದೇ ತಿಳಿದಿದ್ದಳು. ಅಲ್ಲ ಎಂದು ಗೊತ್ತಾದ ಮೇಲೆ ಅದನ್ನು ನೆನೆಸಿಕೊಂಡರೇ ಮೈಯೆಲ್ಲ ಚುಳುಚುಳು ಎನ್ನುತ್ತಿತ್ತು.

ಆ ವರ್ಷ ಚಿಕ್ಕತಾಯಮ್ಮನ ಮಗಳು ಪರಿಮಳನ ಮದುವೆ. ಬಾವಿಕಟ್ಟೆಯ ಮೇಲೆ ರೆಕಾರ್ಡರ್ ಹಿಡಿದು ಲೋಕೇಶ್ವರಿ ನಿಂತಿದ್ದಳು. ಚಿಕ್ಕತಾಯಮ್ಮ ಮೊದಲು ಯಂತ್ರವನ್ನೂ ಅವಳನ್ನೂ ನೋಡಿದಳು.

“ನಾ ಆಡುದ್ನ ಇದ್ರೊಳಗ ಮಡಿಕಂಡು ಏನ್ ಮಾಡೀರವ್ವಾ?”

“ಸೀಡಿ ಮಾಡ್ತೀವಿ ಚಿಕ್ಕತಾಯಕ್ಕ. ನಿನ್ನ ಹೆಸರು ಹಾಕಿ ಊರಿಗೆಲ್ಲ ಕೇಳಿಸ್ತೀವಿ.”

“ಊರ್ಗೆಲ್ಲಾವಾ? ದೊಡ್ಡಮನ ಜಗಲೀಲಿ ಕುಂತಿರೋರ್ಗೂವಾ?”

“ಅವರಿಗೂ.”

“ಅಂಗಾರ ಆಡ್ತೀನಿ. ಅಪ್ಪನ್ ಎಸ್ರ ಕೂಗಿ ಆಡ್ತೀನಿ. ಕಳ್ದುಗಿಳ್ದು ಓದದೋ ಏನೋ, ನೋಡ್ಕಳಿ.”

“ಎಲ್ಲೂ ಹೋಗಲ್ಲ. ನಾನಿದ್ದೀನಲ್ಲ,” ಎಂದಿದ್ದಳು ಲೋಕೇಶ್ವರಿ.

ಆಮೇಲೆ ಬಂದ ದನಿಯನ್ನು ಅವಳು ಮರೆಯುವ ಹಾಗಿರಲಿಲ್ಲ. ಮದುವಣಗಿತ್ತಿಯನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, ಹಗ್ಗ ಎಳೆಯುವ ತಾಳಕ್ಕೆ ತಕ್ಕ ಹಾಗೆ ಚಿಕ್ಕತಾಯಮ್ಮ ಹಾಡಿದ್ದಳು.

‘ಕಲ್ಲೀಗೆ ಕಣ್ ಕೊಟ್ಟ ನಮ್ಮಪ್ಪ ರಾಚಯ್ಯ
ಗಂಗವ್ವ ಕಣ್ಣ ಬುಟ್ಟವ್ಳೆ.’

ನಡುನಡುವೆ ಹಗ್ಗದ ಕಿರುಗುಟ್ಟುವಿಕೆ, ಬಿಂದಿಗೆ ಕಲ್ಲಿಗೆ ತಾಕಿದ ಸದ್ದು, ಪರಿಮಳ ಮೂಗೆಳೆದುಕೊಂಡದ್ದು, ಎಲ್ಲವೂ ಅದರಲ್ಲಿತ್ತು. ಲೋಕೇಶ್ವರಿ ಮರುದಿನವೇ ಅದನ್ನು ಕಂಪ್ಯೂಟರಿಗೆ ಹಾಕಿ, ತಪ್ಪಿಲ್ಲದೆ ಕೇಳುತ್ತದೆಯೇ ಎಂದು ಪರೀಕ್ಷಿಸಿ, ಮುಂದಿನ ಊರಿಗೆ ಬೇಕೆಂದು ರೆಕಾರ್ಡರನ್ನು ಖಾಲಿ ಮಾಡಿದಳು.

ಮದುವೆಯ ದಿನವೇ ಅವಳು ಹಿತ್ತಿಲಿನಿಂದ ಸುತ್ತಿ ಬಂದಾಗ ಅಜ್ಜಿ ಜಗಲಿಯಲ್ಲೇ ತಡೆದಿದ್ದಳು. “ಕೇರಿಯೋರ್ ಜೊತ ಬುಜ ತಾಗಿಸ್ಕಂಡು ನಿಂತಿದ್ಯಂತ. ಏಸಿಗ. ತಲ ಮೇಲ ನೀರ್ ಉಯ್ಕಂಡು ಒಳಗ್ ಬಾ.” ಅಜ್ಜಿಯ ಹೆಸರೂ ಚಿಕ್ಕತಾಯಮ್ಮ. ಕೇರಿಯವಳ ಹಾಡು ಸೀಡಿಗೆ ಹೋಗುತ್ತದೆ ಎಂದು ಗೊತ್ತಾದ ವಾರದೊಳಗೆ ಮೋಹನ್‌ನನ್ನು ಕರೆಸಿ, ತುಪ್ಪ ಸುರಿದ ಹೋಳಿಗೆ ತಿನ್ನಿಸಿ, ತಾನೂ ಅದೇ ಗಂಗೆಯ ಪದವನ್ನು ಕೆಮ್ಮುತ್ತ ಕೆಮ್ಮುತ್ತ ಹಾಡಿ ರೆಕಾರ್ಡ್ ಮಾಡಿಸಿಕೊಂಡಳು. ರಾಗ ಒಂದೇ. ಸಾಲು ಮಾತ್ರ ಬೇರೆ.

‘ಬಳ್ಳದಲಿ ಒನ್ನ ಸುರ್ದ ನಮ್ಮಾವ ಸಿದ್ದಯ್ಯ
ಗಂಗವ್ವ ಕಣ್ಣ ಬುಟ್ಟವ್ಳೆ.’

ಸಿದ್ದಯ್ಯ ಎಂದರೆ ಲೋಕೇಶ್ವರಿಯ ಮುತ್ತಾತ. ಅವನು ಬಳ್ಳದಲ್ಲಿ ಅಳೆದು ಸುರಿದದ್ದು ಹೊನ್ನಲ್ಲ, ಜೋಳ ಎಂಬುದು ಊರಿಗೇ ಗೊತ್ತಿತ್ತು. ಕಣ್ಣು ಹೋದವನಿಗೆ ಒಂದು ಬಳ್ಳ ಹೆಚ್ಚಿಗೆ ಕೊಟ್ಟಿದ್ದನಂತೆ. ಇರಲಿ, ಎರಡು ಹಾಡೂ ಇರಲಿ, ಕೇಳಿದವರು ತೂಗಿಕೊಳ್ಳಲಿ ಎಂದು ಲೋಕೇಶ್ವರಿ ಸುಮ್ಮನಾಗಿದ್ದಳು.

ಸೀಡಿಗೆ ಕೊಡುವ ದಿನ ಬಂತು. ಎಲ್ಲವನ್ನೂ ಪೆನ್‌ಡ್ರೈವಿಗೆ ತುಂಬಿಕೊಂಡು ಸಂಜೆಯ ಬಸ್ಸಿಗೆ ಮಧುಕುಮಾರ್ ಸತ್ಯಮಂಗಲಕ್ಕೆ ಇಳಿಯಬೇಕಿತ್ತು. ಲೋಕೇಶ್ವರಿ ಬೆಳಿಗ್ಗೆಯೇ ಗುಮಟಾಪುರಕ್ಕೆ ಹೋಗಿದ್ದಳು. ಬೀರೇಶ್ವರನ ಗುಡಿಯ ಹಿಂದಿನ ಮನೆಯ ಮುದುಕರೊಬ್ಬರು ಬಾಕಿ ಉಳಿದಿದ್ದರು. “ನಾನು ಬಂದು ಜೋಡಿಸಿಕೊಡ್ತೀನಿ ಸಾರ್, ನೀವು ಏನೂ ಮುಟ್ಟಬೇಡಿ” ಎಂದು ಹೇಳಿಯೇ ಹೋಗಿದ್ದಳು. ಮಧ್ಯಾಹ್ನದ ಬಸ್ಸಿಳಿದು ಬಂದು ನೋಡಿದರೆ ಅವನು ಕಂಪ್ಯೂಟರಿನ ಮುಂದೆ ಕೂತಿದ್ದ. ಪಕ್ಕದಲ್ಲಿ ಎಣ್ಣೆ ಇಂಗಿದ ಪೇಪರಿನ ಪೊಟ್ಟಣ. ಕೀಬೋರ್ಡಿನ ಮೇಲೆ ಬಜ್ಜಿಯ ಚೂರು.

“ನಿಮಗೆ ಕಾಯ್ತಾ ಕೂತ್ರೆ ಆಗುತ್ತಾ? ನಾನೇ ಮುಗಿಸಿದೆ,” ಎಂದ ಹಲ್ಲು ಚುಚ್ಚಿಕೊಳ್ಳುತ್ತ.

ಪರದೆಯ ಮೇಲೆ ಅವನು ಬರೆದ ಸಾಲುಗಳೆಲ್ಲ ಹಾಗೇ ಇದ್ದವು. ಲೋಕೇಶ್ವರಿ ನಿಂತುಕೊಂಡೇ ಮೇಲಿನಿಂದ ಓದಿದಳು. ಎರಡೂ ಫೋಲ್ಡರುಗಳನ್ನು ‘ಸೀಡಿ’ ಎಂಬ ಹೊಸ ಫೋಲ್ಡರಿಗೆ ನಕಲು ಮಾಡಲು ಹೋಗಿದ್ದ. ಡಿಸ್ಕಿನಲ್ಲಿ ಜಾಗವಿಲ್ಲ ಎಂದಿತ್ತು ಯಂತ್ರ. ಹಾಗಾದರೆ ನಕಲು ಬೇಡ, ಎತ್ತಿಯೇ ಇಡೋಣ ಎಂದು ‘ಎಂವಿ’ ಹಿಡಿದಿದ್ದ. ಮೊದಲು ಅವಳ ಫೋಲ್ಡರಿನಲ್ಲಿದ್ದದ್ದು ಹೋಯಿತು. ಆಮೇಲೆ ಮೋಹನ್‌ನದು. ಅಲ್ಲಿ ಯಂತ್ರ ಕೇಳಿತ್ತು: ಚಿಕ್ಕತಾಯಮ್ಮ ಇಲ್ಲಿ ಆಗಲೇ ಇದೆ, ಅದರ ಮೇಲೆ ಬರೆಯಲೇ?

ಅದರ ಕೆಳಗೆ ಅವನು ಕೊಟ್ಟ ಉತ್ತರವಿರಲಿಲ್ಲ. ಪ್ರಶ್ನೆಯನ್ನು ಅರ್ಧಕ್ಕೇ ಕಡಿದು, ಅದೇ ಆಜ್ಞೆಯನ್ನು ಮತ್ತೆ ಬರೆದು, ಈ ಸಲ ಜೊತೆಗೆ ಒಂದು ಅಡ್ಡಗೆರೆ ಮತ್ತು ಎಫ್ ಅಕ್ಷರ ಸೇರಿಸಿದ್ದ. ಏನನ್ನೂ ಕೇಳದೆ ಮಾಡು ಎಂದು ಅದರ ಅರ್ಥ. ಯಂತ್ರ ಆಮೇಲೆ ಒಂದು ಮಾತೂ ಆಡಿರಲಿಲ್ಲ.

“ಸಾರ್, ಇದು ಕೇಳ್ತಲ್ಲ! ಓದಲಿಲ್ವಾ?”

“ಏನು ಓದೋದು? ಒಂದಕ್ಕೆ ಕೇಳ್ತು. ಆಮೇಲೆ ಎಲ್ಲಾದಕ್ಕೂ ಕೇಳ್ತಾ ಕೂರುತ್ತೆ ಅಂತ ಬಾಯಿ ಮುಚ್ಚಿಸಿದೆ. ಈ ಎಫ್ಫು ನನಗೆ ಮೈಸೂರಲ್ಲೇ ಗೊತ್ತಿತ್ತು.” ಅವನ ಮುಖದಲ್ಲಿ ಜಂಬವಿತ್ತು.

ಅವಳು ಅವನನ್ನು ಎಬ್ಬಿಸಿ ತಾನು ಕೂತಳು. ಬೆರಳಿಗೆ ಎಣ್ಣೆ ಅಂಟಿತು. ಅವಳ ಫೋಲ್ಡರು ಖಾಲಿ, ಮೋಹನ್‌ನದೂ ಖಾಲಿ. ‘ಸೀಡಿ’ಯಲ್ಲಿ ಇಬ್ಬರ ಫೈಲುಗಳೂ ಸೇರಿ ಇರಬೇಕಾದದ್ದಕ್ಕಿಂತ ಐದಾರು ಕಡಿಮೆ ಇದ್ದವು. ಇಬ್ಬರು ರಾಚರು ಒಬ್ಬನಾಗಿದ್ದರು. ಇಬ್ಬರು ಬೊಮ್ಮಮ್ಮಂದಿರು ಒಬ್ಬಳಾಗಿದ್ದರು. ಚಿಕ್ಕತಾಯಮ್ಮ ಎಂಬ ಫೈಲು ಒಂದೇ ಒಂದು ಇತ್ತು. ಅದನ್ನು ಹಾಕಿದಳು. ಮೊದಲು ಕೆಮ್ಮು ಬಂತು, ಆಮೇಲೆ ‘ಬಳ್ಳದಲಿ ಒನ್ನ ಸುರ್ದ’ ಎಂದು ಅಜ್ಜಿಯ ದನಿ.

ಮತ್ತೆ ಹಾಕಿದಳು. ಮತ್ತೆ ಅದೇ ಕೆಮ್ಮು.

“ಕೇರಿ ಚಿಕ್ಕತಾಯಮ್ಮನ ಹಾಡು ಹೋಯ್ತು ಸಾರ್. ಅದರ ಮೇಲೆ ನಮ್ಮಜ್ಜಿ ಹಾಡು ಕೂತಿದೆ.”

ಮಧುಕುಮಾರ್ ಪರದೆಯತ್ತ ಬಗ್ಗಿ ನೋಡಿದ. ಆಮೇಲೆ ಕೈ ಕೊಡವಿದ. “ಹೆಸರು ಅದೇ, ಹಾಡೂ ಅದೇ ತಾನೇ? ಯಾರಿಗೆ ಗೊತ್ತಾಗುತ್ತೆ ಬಿಡಿ.”

“ಹಾಡು ಅದಲ್ಲ. ಅವಳು ಅವರಪ್ಪನ ಹೆಸರು ಹೇಳಿದ್ಲು.”

“ಅಪ್ಪನೋ ಮಾವನೋ, ಬಾವಿ ಹಾಡು ತಾನೇ. ಸಂಶೋಧನೆ ಮಾಡೋರು ರಾಗ ಕೇಳ್ತಾರೆ, ಯಾರಪ್ಪ ಅಂತ ಕೇಳಲ್ಲ. ನಿಮ್ಮ ಮನೆ ಹಾಡೇ ಉಳಿದಿದೆಯಲ್ಲ, ಖುಷಿ ಪಡಿ.” ಪೆನ್‌ಡ್ರೈವನ್ನು ಜೇಬಿಗೆ ಹಾಕಿಕೊಂಡು, ಬಜ್ಜಿಯ ಪೊಟ್ಟಣವನ್ನು ಉಂಡೆ ಮಾಡಿ ಮೂಲೆಗೆ ಎಸೆದು ಹೊರಟೇಬಿಟ್ಟ.

ಥೂ, ಇವನ ಜನ್ಮಕ್ಕೆ, ಎಂದುಕೊಂಡಳು ಲೋಕೇಶ್ವರಿ. ದಿಂಬಂ ಘಾಟಿಯ ತಿರುವುಗಳಲ್ಲಿ ತಿಂದದ್ದೆಲ್ಲ ಕಿಟಕಿಯಾಚೆ ಹೋಗಲಿ ಎಂದು ಮನಸಾರೆ ಶಪಿಸಿದಳು. ನಿಮ್ಮ ಮನೆ ಹಾಡೇ ಉಳಿದಿದೆಯಲ್ಲ ಎಂದದ್ದು ಮಾತ್ರ ಕಿವಿಯಲ್ಲಿ ಕೂತುಬಿಟ್ಟಿತು. ಅವಳಿಗೆ ತನ್ನ ಮನೆಯ ಹೆಸರಿನ ಮೇಲೇ ಹೇಸಿಗೆಯಾಯಿತು.

ಮರುದಿನ ಬೆಳಿಗ್ಗೆ ರೆಕಾರ್ಡರ್ ಎತ್ತಿಕೊಂಡು ಕೇರಿಗೆ ಹೋದಳು. ಚಿಕ್ಕತಾಯಮ್ಮ ಮನೆ ಮುಂದೆ ಹುರುಳಿ ಕೇರುತ್ತಿದ್ದಳು. ಪರಿಮಳ ಹಾಸನೂರಿನ ಗಂಡನ ಮನೆಯಿಂದ ಬಂದು, ಅವ್ವನಿಗೆ ರವಿಕೆ ಹೊಲಿಯುತ್ತ ಕೂತಿದ್ದಳು.

“ಬನ್ನಿ ಅವ್ವಾ. ನೋಡಿ, ಸೀಡಿ ಬುಡೋ ದಿನಕ್ಕ ಅಂತ ಒಸ ಸೀರ ತಂದವ್ಳೆ. ನಮ್ ಕೇರಿಯೋರೆಲ್ಲಾ ಬತ್ತಾವ್ರೆ,” ಎಂದಳು ಚಿಕ್ಕತಾಯಮ್ಮ.

ಲೋಕೇಶ್ವರಿ ರೆಕಾರ್ಡರನ್ನು ಮುಂದಿಟ್ಟಳು. “ಚಿಕ್ಕತಾಯಕ್ಕ, ಇನ್ನೊಂದ್ಸಲ ಆ ಹಾಡು ಹಾಡ್ತೀಯಾ? ಇನ್ನೂ ಚೆನ್ನಾಗಿ ಬರ್ಲಿ ಅಂತ.”

ಚಿಕ್ಕತಾಯಮ್ಮ ಮೊರ ಕೆಳಗಿಟ್ಟಳು. “ಅದು ಅಂಗೆಲ್ಲ ಆಡೋ ಪದ ಅಲ್ಲ ಕಣವ್ವ. ಮದ್ವ ಎಣ್ಣಿರ್ಬೇಕು, ಒಸ ಬಿಂದ್ಗ ಇರ್ಬೇಕು, ಬಾವಿ ಕಟ್ಟ ಮೇಲ ನಿಂತು ನೀರ ಸೇದ್ತಾ ಆಡ್ಬೇಕು. ಒಣಗ್ದ ಜಾಗ್ದಲ್ಲಿ ಕುಂತು ಗಂಗವ್ವನ್ ಕರುದ್ರ ಅವ್ಳು ಮುನ್ಸ್ಕತ್ತಾಳ.” ಆಮೇಲೆ ನಕ್ಕಳು. “ಇನ್ ನಮ್ ಮನೇಲಿ ಮದ್ವ ಆಗೂ ಎಣ್ಣಾರ ಎಲ್ಲವ್ಳೆ? ಪರಿಮಳನ ಒಟ್ಟೇಲಿ ಉಟ್ಟಿ ಬೆಳೀಬೇಕು. ಅಷ್ಟೊತ್ಗ ನಾ ಇದ್ದನಾ? ಆವತ್ ಆಡುದ್ದೇ ಚೆಂದಾಗದ, ಬುಡಿ.”

ಹಾಡು ಅಳಿದುಹೋಯಿತು ಎಂದು ಲೋಕೇಶ್ವರಿ ಹೇಳಲಿಲ್ಲ. ಪರಿಮಳ ಕೊಟ್ಟ ಟೀ ಕುಡಿದು, ಲೋಟ ತೊಳೆಯಲು ಹೋದರೆ “ಬುಡಿ ಅವ್ವಾ, ನೀವ್ ಯಾಕ್ ತೊಳದೀರಿ” ಎಂದು ಅವಳೇ ಕಿತ್ತುಕೊಂಡಳು. ಲೋಕೇಶ್ವರಿ ಎದ್ದು ಬಂದಳು. ಪೇಟೆಯಿಂದ ಮಧುಕುಮಾರನಿಗೆ ಫೋನ್ ಮಾಡಿ, ಅಜ್ಜಿಯ ಹಾಡನ್ನು ಸೀಡಿಯಿಂದ ತೆಗೆಸದಿದ್ದರೆ ತಾನು ಕೆಲಸಕ್ಕೆ ಬರುವುದಿಲ್ಲ ಎಂದಳು. “ಆಯ್ತು ಮಾರಾಯ್ತಿ, ತೆಗೆಸ್ತೀನಿ” ಎಂದ. ಅವಳು ಅದನ್ನು ನಂಬಿದಳು. ನಂಬಿದರೆ ಚಿಕ್ಕತಾಯಮ್ಮನಿಗೆ ಹೇಳುವ ಕಷ್ಟ ಸದ್ಯಕ್ಕೆ ತಪ್ಪುತ್ತಿತ್ತು, ಅದಕ್ಕೇ ನಂಬಿದಳು.

ಸೀಡಿ ಬಿಡುಗಡೆ ತಾಳವಾಡಿಯ ಕಲ್ಯಾಣಮಂಟಪದಲ್ಲಿ. ಈರೋಡಿನಿಂದ ಒಬ್ಬ ಅತಿಥಿ ಬಂದಿದ್ದರು. ದೊಡ್ಡಮನೆಯವರೆಲ್ಲ ಮುಂದಿನ ಸಾಲಿನಲ್ಲಿ. ಅಜ್ಜಿ ಜರಿ ಸೀರೆ ಉಟ್ಟು ನಡುವೆ ಕೂತಿದ್ದಳು. ಕೇರಿಯವರು ಹಿಂದಿನ ಸಾಲುಗಳಲ್ಲಿ. ಅವರು ಬಂದಾಗ ಕುರ್ಚಿಗಳು ಖಾಲಿಯಿದ್ದವು, ಆದರೂ ಗೋಡೆಗೇ ಅಂಟಿಕೊಂಡು ಕೂತಿದ್ದರು. ಯಾರೂ ಅವರಿಗೆ ಹಾಗೆ ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಬಣ್ಣದ ಕಾಗದ ಬಿಚ್ಚಿ ಸೀಡಿಯನ್ನು ಎತ್ತಿ ತೋರಿಸಿದರು. ಹೊದಿಕೆಯ ಮೇಲೆ ಬಾವಿಕಟ್ಟೆಯಲ್ಲಿ ಬಿಂದಿಗೆ ಹಿಡಿದು ನಿಂತ ಚಿಕ್ಕತಾಯಮ್ಮನ ಫೋಟೋ ಇತ್ತು. ಲೋಕೇಶ್ವರಿಯೇ ಮದುವೆಯ ದಿನ ತೆಗೆದ ಫೋಟೋ. ಅವಳು ವೇದಿಕೆಯ ಪಕ್ಕಕ್ಕೆ ಹೋಗಿ ಮಧುಕುಮಾರನ ತೋಳು ಹಿಡಿದಳು.

“ತೆಗೆಸ್ತೀನಿ ಅಂದ್ರಲ್ಲ?”

“ತೆಗೆಯೋಕೆ ಹೇಗಾಗುತ್ತೆ? ಫೋಟೋ ಪ್ರಿಂಟಾಗಿತ್ತು. ದುಡ್ಡು ಕೊಟ್ಟೋರು ಕೂಲಿ ಹೆಂಗಸಿನ ಮುಖವೇ ಬೇಕು ಅಂದ್ರು. ಮುಖ ಇದ್ದಮೇಲೆ ಹಾಡು ಬೇಡ್ವಾ?” ಎಂದು ಕಿವಿಯ ಹತ್ತಿರ ಪಿಸುಗುಟ್ಟಿದ. ಅವನ ಬಾಯಿಂದ ಈರುಳ್ಳಿ ವಾಸನೆ ಹೊಡೆಯಿತು. ಲೋಕೇಶ್ವರಿ ಕೈ ಬಿಟ್ಟು, ಆ ಕೈಯನ್ನು ಎಲ್ಲಿ ಒರೆಸಿಕೊಳ್ಳಬೇಕೆಂದು ತಿಳಿಯದೆ ನಿಂತಳು.

ಮೈಕಿನಲ್ಲಿ ಕೂಗಿದರು: “ಚಿಕ್ಕತಾಯಮ್ಮನವರು ಹಾಡಿರುವ ಗಂಗೆಯ ಪದ.” ಹಿಂದಿನ ಸಾಲಿನಲ್ಲಿ ಕೇರಿಯವರೆಲ್ಲ ಚಿಕ್ಕತಾಯಮ್ಮನ ಕಡೆ ತಿರುಗಿ ಕಿಸಕ್ಕನೆ ನಕ್ಕರು. ಅವಳು ನಾಚಿ ಸೆರಗನ್ನು ಬಾಯಿಗೆ ಹಿಡಿದಳು. ದೊಡ್ಡ ಪೆಟ್ಟಿಗೆಯಿಂದ ಕೆಮ್ಮು ಬಂತು. ಆಮೇಲೆ ಹಾಡು.

ಮೊದಲ ಸಾಲಿಗೆ ಚಿಕ್ಕತಾಯಮ್ಮ ತಲೆ ಓರೆ ಮಾಡಿದಳು. ತನ್ನ ದನಿ ಯಂತ್ರದೊಳಗೆ ಹೋದರೆ ಹೀಗಾಗುತ್ತದೇನೋ ಎಂದು ಅನುಮಾನಿಸಿದವಳ ಹಾಗೆ ಕಿವಿಗೊಟ್ಟಳು. ‘ನಮ್ಮಾವ ಸಿದ್ದಯ್ಯ’ ಎಂದು ಬಂದಾಗ ಸೆರಗನ್ನು ಬಾಯಿಂದ ಕೆಳಗಿಳಿಸಿದಳು. ಪರಿಮಳ ಏನೋ ಹೇಳಹೋದಳು. ಚಿಕ್ಕತಾಯಮ್ಮ ಅವಳ ತೊಡೆ ಒತ್ತಿ ಸುಮ್ಮನಿರಿಸಿದಳು. ಹಾಡು ಪೂರ್ತಿ ಮುಗಿಯುವ ತನಕ ಕೇಳಿದಳು. ಮುಂದಿನ ಸಾಲಿನಲ್ಲಿ ಅಜ್ಜಿ ತಾಳ ಹಾಕುತ್ತಿದ್ದಳು. ಲೋಕೇಶ್ವರಿಗೆ ಅಲ್ಲಿದ್ದ ಚಪ್ಪಾಳೆ, ಜಮಖಾನ, ಮಲ್ಲಿಗೆ ಹೂವು, ರೋಸ್‌ವಾಟರ್ ಎಲ್ಲದರ ಮೇಲೂ ಅಸಹ್ಯ ಹುಟ್ಟಿತು. ಎಲ್ಲಕ್ಕಿಂತ ಹೆಚ್ಚಾಗಿ, ಮೈಕು ಹತ್ತಿರದಲ್ಲೇ ಇದ್ದರೂ ಅಲ್ಲಾಡದೆ ನಿಂತ ತನ್ನ ಕಾಲುಗಳ ಮೇಲೆ ಹುಟ್ಟಿತು.

ಚಿಕ್ಕತಾಯಮ್ಮನನ್ನು ವೇದಿಕೆಗೆ ಕರೆದರು. ಈರೋಡಿನ ಅತಿಥಿ ಅವಳಿಗೆ ಶಾಲು ಹೊದಿಸಿ, “ನಲ್ಲ ಕುರಲಮ್ಮ, ರೊಂಬ ನಲ್ಲ ಕುರಲ್” ಎಂದು ದನಿಯನ್ನು ಹೊಗಳಿದರು. ಅವಳಿಗೆ ತಮಿಳು ಚೆನ್ನಾಗಿ ಅರ್ಥವಾಗುತ್ತಿತ್ತು. ಕೈ ಮುಗಿದಳು. ಫೋಟೋದವನು ನಗಿ ಎಂದ, ನಗಲಿಲ್ಲ. ಕೆಳಗಿಳಿದು ಬಂದವಳು ಲೋಕೇಶ್ವರಿಯ ಮುಂದೆ ನಿಂತಳು.

“ನಿಮ್ಗ ಗೊತ್ತಿತ್ತಾ ಅವ್ವಾ?”

ಲೋಕೇಶ್ವರಿ ತಲೆ ತಗ್ಗಿಸಿದಳು. ಚಿಕ್ಕತಾಯಮ್ಮ ನೇರ ಮುಂದಿನ ಸಾಲಿಗೆ ಹೋಗಿ, ಹೆಗಲ ಮೇಲಿದ್ದ ಶಾಲನ್ನು ತೆಗೆದು, ಅಚ್ಚುಕಟ್ಟಾಗಿ ಮಡಿಸಿ, ಅಜ್ಜಿಯ ಮಡಿಲಲ್ಲಿ ಇಟ್ಟಳು.

“ಆಡ್ದೋರ್ ನೀವು ಅವ್ವಾ. ಒದ್ಕಳೋರೂ ನೀವೇ ಆಗ್ಬೇಕು.”

ಅಜ್ಜಿ ಮೈಮೇಲೆ ಹಾವು ಬಿದ್ದವಳ ಹಾಗೆ ಎದ್ದು ನಿಂತಳು. ಶಾಲು ಕಾಲ ಬಳಿ ಬಿತ್ತು. “ಥೂ, ಥೂ, ಏಸಿಗ! ಮೈ ಮೇಲಿಂದ ತಗ್ದು ನನ್ ಮೈ ಮೇಲ ಆಕ್ತೀಯಾ? ಏ ಲೋಕಿ, ಆ ಕಡ ತಳ್ಳಮ್ಮಿ ಅದ!”

ಚಿಕ್ಕತಾಯಮ್ಮ ಕೂಗಾಡಲಿಲ್ಲ. ಪಕ್ಕದವರಿಗೆ ಮಾತ್ರ ಕೇಳುವಷ್ಟು ದನಿಯಲ್ಲಿ ಹೇಳಿದಳು. “ನಮ್ಮಪ್ಪ ತೋಡಿದ್ ನೀರ ದಿನಾ ಕುಡೀತೀರಲ್ಲಾ ಅವ್ವಾ, ಅದಕ್ಕ ಏಸಿಗ ಇಲ್ವಾ?”

ಮಗಳ ಕೈ ಹಿಡಿದುಕೊಂಡು ಬಾಗಿಲ ಕಡೆ ನಡೆದಳು. ಹಿಂದಿನ ಸಾಲುಗಳು ಒಂದೊಂದಾಗಿ ಎದ್ದು ಅವಳ ಹಿಂದೆ ಹೋದವು. ಊಟ ಬಡಿಸಿದ್ದರು, ಯಾರೂ ಎಲೆಯ ಮುಂದೆ ಕೂರಲಿಲ್ಲ. ಮಧುಕುಮಾರ್ ಮೈಕು ಹಿಡಿದು ಬೆಟ್ಟದ ಜನರ ಮುಗ್ಧತೆಯ ಬಗ್ಗೆ ಮಾತಾಡತೊಡಗಿದ. ಲೋಕೇಶ್ವರಿ ಆಫೀಸಿನ ಬೀಗದ ಕೈಯನ್ನು ಅವನ ಮುಂದಿದ್ದ ಬೋಂಡದ ತಟ್ಟೆಯಲ್ಲಿ ಇಟ್ಟು ಹೊರಗೆ ಬಂದಳು.

ಸಂಜೆ ಮನೆಗೆ ಬಂದ ಅಜ್ಜಿ ಒಳಗೆ ಕಾಲಿಡಲಿಲ್ಲ. ಹಿತ್ತಿಲಿಗೆ ಸುತ್ತಿ ಹೋಗಿ ಬಾವಿಕಟ್ಟೆಯ ಪಕ್ಕದ ಕಲ್ಲಿನ ಮೇಲೆ ಕೂತು, ಎರಡೂ ಕೈ ಮುಂದೆ ಚಾಚಿದಳು.

“ಲೋಕಿ, ಕೈಕಾಲ್ಗ ನೀರ್ ಉಯ್ಯಮ್ಮಿ. ಮೈಯೆಲ್ಲ ಕಡೀತದ.”

ಲೋಕೇಶ್ವರಿ ಹಗ್ಗ ಇಳಿಬಿಟ್ಟು ಒಂದು ಕೊಡ ಸೇದಿದಳು. ಹಗ್ಗ ಕಿರುಗುಟ್ಟಿತು. ಕೊಡ ಕಲ್ಲಿಗೆ ತಾಕಿತು. ಆ ಸದ್ದೆಲ್ಲ ಅವಳ ಫೈಲಿನಲ್ಲಿ ಇತ್ತು, ಈಗ ಎಲ್ಲಿಯೂ ಇರಲಿಲ್ಲ. ಚೊಂಬಿನಲ್ಲಿ ನೀರು ತುಂಬಿಕೊಂಡು ಅಜ್ಜಿಯ ಕೈಗಳ ಮೇಲೆ ಎತ್ತಿ ಹಿಡಿದು, ಹುಯ್ಯದೆ ನಿಂತಳು.

“ಅಜ್ಜಿ, ಈ ಬಾವಿ ತೋಡಿದ್ ಯಾರು?”

“ನಿಮ್ ಮುತ್ತಾತ ತೋಡ್ಸಿದ್ದು ಕಣಮ್ಮಿ. ಉಯ್ಯಿ, ಕೈ ನೋಯ್ತದ.”

“ತೋಡ್ಸಿದೋರ್ನ ಕೇಳ್ನಿಲ್ಲ. ತೋಡಿದ್ ಯಾರು?”

ಅಜ್ಜಿ ಅವಳ ಮುಖ ನೋಡಿದಳು, ಚೊಂಬು ನೋಡಿದಳು, ಬಾವಿಯ ಕಡೆ ನೋಡಿ ಮುಖ ತಿರುಗಿಸಿದಳು. ಲೋಕೇಶ್ವರಿ ಅದೇ ಪ್ರಶ್ನೆಯನ್ನು, ಅದೇ ದನಿಯಲ್ಲಿ ಇನ್ನೊಮ್ಮೆ ಕೇಳಿ, ಚೊಂಬು ಬಗ್ಗಿಸದೆ ಉತ್ತರಕ್ಕೆ ಕಾಯುತ್ತ ನಿಂತಳು.